ನೀಲಿ ಬೋಟಿನಲ್ಲಿ ಒಂದು ಸುತ್ತು

ಮಾರಿಕಣಿವೆ ಡ್ಯಾಮು ತುಂಬಿದ್ದಕ್ಕೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಈರಬಸಪ್ಪ. ಬಾಗಿನ ಅರ್ಪಿಸಿ, ಕೈಮುಗಿದು ಮನೆಗೆ ಬಂದ ಮೇಲೆ ತನ್ನ ತೆಂಗಿನ ತೋಟಕ್ಕೆ ಹೋಗುವ ದಾರಿಯೂ ನೀರಿನಡಿ ಸೇರಿದೆ ಎಂದು ಗೊತ್ತಾಯಿತು. ಎದುರು ದಡದಲ್ಲಿ ತೋಟ ಕಣ್ಣಿಗೆ ಕಾಣುತ್ತಿತ್ತು. ಮುಟ್ಟಬೇಕೆಂದರೆ ಹೊಸದುರ್ಗದ ಕಡೆಯಿಂದ ಸುತ್ತಿಕೊಂಡು ಎರಡು ಬಸ್ಸು ಹತ್ತಬೇಕಿತ್ತು.

ಹಾಗಿರುವಾಗ ಹಿನ್ನೀರಿನ ದಡದಲ್ಲಿ ಚಂದ್ರು ಎಂಬುವವನ ಹಳೆಯ ಫೈಬರ್ ಮೋಟಾರು ಬೋಟು ಮಾರಾಟಕ್ಕಿದೆ ಎಂಬ ಸುದ್ದಿ ಬಂತು. ಒಬ್ಬನೇ ಹೋಗಲು ಧೈರ್ಯ ಸಾಲದೆ ಪಕ್ಕದ ಮನೆಯ ಚಿಕ್ಕತಿಮ್ಮಪ್ಪನವರನ್ನು ಜೊತೆಗೆ ಕರೆದ. ಮೂವತ್ತು ವರ್ಷ ಡ್ಯಾಮಿನ ನೀರಿನ ಮಟ್ಟ ಬರೆದು ನಿವೃತ್ತರಾದವರು. ನೀರಿನ ಮೇಲಿರುವುದೆಲ್ಲ ತಮಗೆ ಗೊತ್ತು ಎಂಬ ನಂಬಿಕೆ ಅವರದು.

ಬೋಟು ಹೊಸ ನೀಲಿ ಬಣ್ಣ ಬಳಿದುಕೊಂಡು ಮದುವಣಿಗನಂತೆ ಹೊಳೆಯುತ್ತಿತ್ತು. ಚಿಕ್ಕತಿಮ್ಮಪ್ಪ ತೆಂಗಿನಕಾಯಿ ಆರಿಸುವವರಂತೆ ಅದರ ಮೈ ತಟ್ಟಿ ತಟ್ಟಿ ಕಿವಿಗೊಟ್ಟರು.

“ಸದ್ದು ಗಟ್ಟಿ ಐತೆ,” ಎಂದರು.

ಮೋಟಾರು ಕೂರಿಸಿದ್ದ ಹಿಂದಿನ ಹಲಗೆಯನ್ನು ಈರಬಸಪ್ಪ ಹೆಬ್ಬೆರಳಿನಿಂದ ಒತ್ತಿದ. ಚಹಾದಲ್ಲಿ ನೆನೆದ ರಸ್ಕಿನಂತೆ ಅದು ಒಳಕ್ಕೆ ಹೋಯಿತು.

“ಇದು ಮೆತ್ತಗೈತಲ್ಲಪ್ಪ.”

“ಮರ ಅಲ್ವೇನಣ್ಣ, ಒಂಚೂರು ನೀರು ಕುಡ್ದೈತೆ,” ಎಂದ ಚಂದ್ರು. “ಕುಂತ್ಕಳ್ರಿ, ಒಂದು ಸುತ್ತು ಹೋಗಾಣ. ತಗಳಾದು ಬಿಡಾದು ಆಮೇಲೆ.”

ಹಗ್ಗವನ್ನು ಒಂಬತ್ತನೇ ಸಲ ಎಳೆದಾಗ ಮೋಟಾರು ಬೀಡಿ ಸೇದುವ ಮುದುಕನಂತೆ ಕೆಮ್ಮಿ ಹೊರಟಿತು. ನೀರಿನ ನಡುವೆ ಬಂದದ್ದೇ ತಡ, ಹಲಗೆ ಲಟಕ್ಕೆಂದು ಸೀಳಿತು. ಮೋಟಾರು ವಾಲಿಕೊಂಡು ಸುಮ್ಮನಾಯಿತು. ಹೊಸ ಬಣ್ಣದ ಕೆಳಗೆ ಅಡಗಿದ್ದ ಬಿರುಕಿನಿಂದ ನೀರು ಒಳಗೆ ಬರತೊಡಗಿತು.

ಈಜು ಬಾರದ ಈರಬಸಪ್ಪ ಹೆಗಲ ಟವೆಲಿನಿಂದ ನೀರು ಹೀರಿ ಹೊರಗೆ ಹಿಂಡತೊಡಗಿದ. ಚಿಕ್ಕತಿಮ್ಮಪ್ಪನವರಿಗೆ ಹಳೆಯ ನೌಕರಿ ನೆನಪಾಯಿತು.

“ನಾಲ್ಕಿಂಚು. ಒಳಹರಿವು ಜಾಸ್ತಿ ಐತೆ ಈರಬಸಪ್ಪ. ಈಗ ಆರಿಂಚು.”

“ಹೊರಹರಿವು ನಾನೊಬ್ನೇ ನೋಡ್ಕಂತಿದೀನಿ. ನೀವೂ ಒಂದು ಕೈ ಹಾಕ್ರಿ.”

ಅಷ್ಟರಲ್ಲಿ ದಡದ ಕಡೆಯಿಂದ ಒಂದು ಹರಿಗೋಲು ತಿರುಗುತ್ತಾ ಬಂತು. ಹುಟ್ಟು ಹಾಕುತ್ತಿದ್ದವಳು ಅರವತ್ತು ದಾಟಿದ ಹೆಂಗಸು. ಅವಸರವಿಲ್ಲ, ಗಾಬರಿಯಿಲ್ಲ. ಮೂವರನ್ನೂ ರಟ್ಟೆ ಹಿಡಿದು ಒಳಗೆಳೆದುಕೊಂಡು, ಅರ್ಧ ಮುಳುಗಿದ ಬೋಟನ್ನು ಹಗ್ಗಕ್ಕೆ ಕಟ್ಟಿ ದಡ ಮುಟ್ಟಿಸಿದಳು.

ನೆಲಕ್ಕೆ ಕಾಲು ತಾಗಿದಾಗ ಈರಬಸಪ್ಪನ ಕಣ್ಣು ತುಂಬಿತು. ತಾನು ಬದುಕಿದ್ದು ಅವಳ ಪುಣ್ಯ ಎನಿಸಿತು. ಅವಳ ಕಾಲು ಮುಟ್ಟಿದ.

“ನೀನು ನಮ್ಮವ್ವ ಇದ್ದಂಗೆ. ಏನು ಬೇಕೋ ಕೇಳವ್ವ. ಆಗಲ್ಲ ಅಂದ್ರೆ ನಾನು ಮನುಷ್ಯನೇ ಅಲ್ಲ. ಚಿಕ್ಕತಿಮ್ಮಪ್ಪನೋರೇ ಸಾಕ್ಷಿ.”

ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು.

“ನಾನು ಗಿರಿಯಮ್ಮ, ಈ ಚಂದ್ರುನ ಅವ್ವ. ಬೋಟು ನೋಡಾಕೆ ಬಂದೋರ್ನ ಹಿಂಗೆ ಎಳ್ಕಂಡು ಬಂದಿದ್ದು ಈ ತಿಂಗ್ಳಲ್ಲಿ ನಾಕನೇ ಸಲ ಕಣಪ್ಪ. ರಟ್ಟೆ ಬಿದ್ದೋಗೈತೆ. ಆ ಬೋಟ್ನ ನೀನೇ ತಗಂಡ್ ಬಿಡು, ನನಗೆ ಬಿಡುವಾಗ್ತೈತೆ.”

ಈರಬಸಪ್ಪ ಸಾಕ್ಷಿಯ ಮುಖ ನೋಡಿದ. ಅವರು ಪಂಚೆಯ ತುದಿ ಹಿಂಡುತ್ತಾ, “ಮಾತು ಕೊಟ್ಬಿಟ್ಯಲ್ಲಪ್ಪ,” ಎಂದರು.

ಸಂಜೆಯ ಹೊತ್ತಿಗೆ ಬೋಟು ಈರಬಸಪ್ಪನದಾಯಿತು. ಗಿರಿಯಮ್ಮನ ಸಂತೋಷಕ್ಕೆ ಪಾರವಿರಲಿಲ್ಲ. ಅವನ ತಲೆ ಸವರಿ ಹರಸಿ, ತನ್ನ ಹುಟ್ಟನ್ನು ತಂದು ಕೈಗಿತ್ತಳು.

“ಇಟ್ಕಳಪ್ಪ,” ಎಂದಳು. “ನಾಳೆಯಿಂದ ನಾನು ಬರಲ್ಲ.”