ಅರ್ಧ ಗೋಲಿನ ರಸೀದಿ

೧೯೫೮ರಲ್ಲಿ ಮೈಸೂರಿನಲ್ಲಿ ಅರ್ಧ ಗೋಲು ಜಾರಿಗೆ ಬಂತು. ಅದಕ್ಕೆ ಮೊದಲು ಗೋಲುಗಳು ಪೂರ್ತಿಯಾಗಿಯೇ ಇರುತ್ತಿದ್ದವು.

ಕೆಸರೆ ಕ್ಲಬ್ಬಿಗೂ ಅಶೋಕಪುರಂ ಕ್ಲಬ್ಬಿಗೂ ವರ್ಷಕ್ಕೊಂದು ಫುಟ್ಬಾಲ್ ಪಂದ್ಯ. ಎರಡೂ ಒಂದೇ ಊರಿನವು, ಆದ್ದರಿಂದ ಒಂದಕ್ಕೊಂದು ಆಗುತ್ತಿರಲಿಲ್ಲ. ಬೇರೆ ಊರಿನವಾಗಿದ್ದರೆ ಆಗುತ್ತಿತ್ತು. ಗೆಲ್ಲುವ ಗೋಲು ಹೊಡೆದವನಿಗೆ ಪಂದ್ಯ ಸಮಿತಿಯ ಕಚೇರಿಯಲ್ಲಿ ಜವಾನನ ಕೆಲಸ ಎಂದು ಆ ವರ್ಷ ಪ್ರಕಟಣೆ ಹೊರಟಿತು. ಕೆಸರೆಯ ಚೆಲುವರಾಜುವಿಗೆ ಎರಡು ವರ್ಷದಿಂದ ಕೆಲಸವಿರಲಿಲ್ಲ. ಹಾಗಾಗಿ ಜೋರಾಗಿ ಒದ್ದ. ಚೆಂಡು ಒಡೆಯಿತು. ಚೆಂಡು ಎಂದರೆ ಹೊರಗೆ ತೊಗಲು, ಒಳಗೆ ಗಾಳಿ ತುಂಬಿದ ಬ್ಲಾಡರು. ತೊಗಲು ಗೋಲಿನೊಳಗೆ ಹೋಯಿತು. ಬ್ಲಾಡರು ಸಿಳ್ಳೆ ಹಾಕುತ್ತಾ ಹೊರಗೆ ಬಿತ್ತು.

"ಗೋಲು ಕಣ್ರೀ," ಎಂದ ಚೆಲುವರಾಜು.

"ಬರೀ ಸಿಪ್ಪೆ ಬಂದದೆ ಕಣೋ," ಎಂದ ಅಶೋಕಪುರಂ ಕಡೆ ಗೋಲು ಕಾಯುವ ಸಿದ್ದರಾಜು, ತೊಗಲನ್ನು ಎತ್ತಿ ಹಿಡಿದು. "ಹಣ್ಣು ಆಚೆ ಬಿದ್ದದೆ ನೋಡು."

ಮೂರು ತಿಂಗಳ ವಿಚಾರಣೆಯ ನಂತರ ಸಮಿತಿಯ ಕಾರ್ಯದರ್ಶಿ ಷಡಕ್ಷರಿಯವರು ಆಜ್ಞೆ ಹೊರಡಿಸಿದರು: "ತೊಗಲನ್ನು ಅರ್ಧ ಚೆಂಡೆಂದೂ ಗಾಳಿಯನ್ನು ಉಳಿದರ್ಧವೆಂದೂ ಪರಿಗಣಿಸಿ, ಅರ್ಧ ಗೋಲು ಮಂಜೂರು ಮಾಡಲಾಗಿದೆ. ಉಳಿದ ಅರ್ಧವನ್ನು ಹೊಡೆಯುವವರೆಗೆ ಅರ್ಧ ಕೆಲಸ."

ಕೆಸರೆ ಅರ್ಧ-ಸೊನ್ನೆಯಿಂದ ಗೆದ್ದಿತು. ಚೆಲುವರಾಜು ಹನ್ನೆರಡು ಗಂಟೆಯವರೆಗೆ ಜವಾನ, ಆಮೇಲೆ ಸಾರ್ವಜನಿಕ. ಹನ್ನೆರಡರ ಮೇಲೆ ಬೆಲ್ಲು ಹೊಡೆದರೆ, ಎದುರಿಗೇ ಕೂತಿದ್ದರೂ ಅವನು ಏಳುವಂತಿರಲಿಲ್ಲ.

ಮರುವರ್ಷ ಹೊಸ ಚೆಂಡು ತಂದಿದ್ದರು, ಒಡೆಯಲಿಲ್ಲ. ಚೆಲುವರಾಜು ಹೊಡೆದದ್ದು ಪೂರ್ತಿ ಗೋಲಾಯಿತು. ಆ ಪಂದ್ಯದಲ್ಲಿ ಆದದ್ದು ಅದೊಂದೇ.

ಷಡಕ್ಷರಿಯವರು ಕರೆಸಿದರು. "ನಿಂದು ಒಂದೂವರೆ ಗೋಲಾಯ್ತಲ್ಲಯ್ಯ. ಹುದ್ದೆ ಇರೋದು ಒಂದೇ."

"ಹೆಚ್ಚಾದ್ರೆ ಒಳ್ಳೇದಲ್ವಾ ಸಾರ್?"

"ಹೆಚ್ಚುವರಿ ಗೋಲು ಇಟ್ಕೊಂಡವರು ಅನರ್ಹರು. ಮೂರು ದಿನದೊಳಗೆ ಅರ್ಧ ವಾಪಸ್ ಮಾಡು. ಇಲ್ಲದಿದ್ರೆ ಇರೋ ಅರ್ಧ ಕೆಲಸವೂ ರದ್ದು."

"ಯಾರಿಗೆ ವಾಪಸ್ ಮಾಡೋದು ಸಾರ್?"

"ಯಾರ ಮೇಲೆ ಹೊಡೆದೆಯೋ ಅವರಿಗೆ."

ಕೆಸರೆ ಕ್ಲಬ್ಬಿನ ನಾಯಕ ಮಹದೇವು ಮನೆಗೇ ಬಂದ. "ಕೊಟ್ಬುಟ್ರೆ ಅವರಿಗೂ ಅರ್ಧ, ನಮಗೂ ಅರ್ಧ. ಪಂದ್ಯ ಸಮ ಆಯ್ತದೆ. ಆಮೇಲೆ ಎಂಗಪ್ಪ ತಲೆ ಎತ್ತೋದು?"

ಚೆಲುವರಾಜುವಿನ ತಾಯಿ ದೇವಿರಮ್ಮ ಒಳಗಿನಿಂದಲೇ ಹೇಳಿದರು: "ಕೊಟ್ಟು ಬಾ ಮಗ. ಇನ್ನೊಬ್ಬರ ಅರ್ಧ ಗೋಲು ಮನೇಲಿಟ್ಕೊಂಡು ಏನ್ ಮಾಡೋದು."

ಮೂರನೆಯ ದಿನ ಸಮಿತಿಯ ಸಮಕ್ಷಮದಲ್ಲಿ ಚೆಲುವರಾಜು ತನ್ನದೇ ಕ್ಲಬ್ಬಿನ ಗೋಲಿನತ್ತ ಚೆಂಡನ್ನು ಮೆಲ್ಲಗೆ ಉರುಳಿಸಿ, ಅರ್ಧ ಗೆರೆಯಾಚೆ, ಅರ್ಧ ಗೆರೆಯೀಚೆ ನಿಲ್ಲಿಸಿದ. ಸಿದ್ದರಾಜು ಎರಡೂ ಕಡೆಯಿಂದ ಬಗ್ಗಿ ನೋಡಿ ರಸೀದಿ ಬರೆದುಕೊಟ್ಟ: "ಅರ್ಧ ಗೋಲು, ಸುಸ್ಥಿತಿಯಲ್ಲಿ, ಸ್ವೀಕರಿಸಿದೆ."

ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಮಹದೇವು ಕಚೇರಿಗೆ ಬಂದು, ಆ ರಸೀದಿಯ ನಕಲು ಕೋರಿ ಅರ್ಜಿ ಕೊಟ್ಟ. ಗೋಲನ್ನು ವಾಪಸ್ ಕೊಟ್ಟ ಕ್ಲಬ್ಬು ಮೈಸೂರಿನಲ್ಲಿ ಇನ್ನೊಂದು ಇರಲಿಲ್ಲವಾದ್ದರಿಂದ ನಕಲಿಗೆ ಕಟ್ಟು ಹಾಕಿಸಿ ಕ್ಲಬ್ಬಿನಲ್ಲಿ ತೂಗುಹಾಕಬೇಕಿತ್ತು.

ಒಳಗೆ ಬೆಲ್ಲು ಹೊಡೆಯಿತು. ಚೆಲುವರಾಜು ಗಡಿಯಾರ ನೋಡಿದ. ಆಮೇಲೆ ಎದ್ದು ನಿಂತ.