ಕ್ಷೌರದಂಗಡಿಯ ಟಿವಿಯ ಬಾಯಿ ಕಟ್ಟಿದ್ದು

ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ್ದರಿಂದ ಆದ ಲಾಭ ಅಷ್ಟೇ. ಈಚೆಗೆ ನನ್ನ ನೆನಪನ್ನೂ ನಂಬುವುದಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಕುಷ್ಟಗಿ ಬಸ್ ನಿಲ್ದಾಣದಿಂದ ಎರಡು ಸಲ ಮನೆಗೆ ಮರಳಿದ್ದೇನೆ. ಮೂರು ಸಲ ಎನ್ನುತ್ತಾಳೆ ಹೆಂಡತಿ. ಆದರೆ ನಮ್ಮ ಓಣಿಯ ಕ್ಷೌರಿಕ ಹನುಮಂತಪ್ಪನ ಕತ್ತಿ ಒಂದು ದಿನ ನನ್ನ ಗಂಟಲಿಗೆ ಇಳಿಯುತ್ತದೆಂಬುದರಲ್ಲಿ ಸಂಶಯವಿರಲಿಲ್ಲ. ಆತ ಟಿವಿಯಲ್ಲಿ ಸುದ್ದಿಯವರ ಜಗಳ ಹಚ್ಚಿಕೊಂಡೇ ಗಡ್ಡ ಮಾಡುತ್ತಾನೆ. "ಎಂಥಾ ಸುಳ್ಳ ಹೇಳಾಕತ್ತಾನ ನೋಡ್ರಿ ಸರ್!" ಎಂದು ಕತ್ತಿಯನ್ನು ಟಿವಿಯತ್ತ ಬೀಸಿ, ಅದೇ ವೇಗದಲ್ಲಿ ನನ್ನ ಕುತ್ತಿಗೆಗೆ ತರುತ್ತಾನೆ. ಸಪ್ಪಳ ಕಡಿಮೆ ಮಾಡೆಂದರೆ, "ಸಪ್ಪಳ ಇಲ್ಲಂದ್ರ ಕೈನ ಓಡೂದಿಲ್ರಿ" ಅನ್ನುತ್ತಾನೆ.

ನನ್ನ ಮೊಬೈಲಿನ ತಲೆಯಲ್ಲಿ ರಿಮೋಟಿನಂತೆ ಕೆಲಸ ಮಾಡುವ ದೀಪವೊಂದಿದೆ. ಹನುಮಂತಪ್ಪನ ಟಿವಿಯ ಸಂಕೇತಗಳು ಅಂತರ್ಜಾಲದಲ್ಲಿ ಸಿಕ್ಕವು, ಆದರೆ ಎಂಟೆಂಟು ಅಕ್ಷರ-ಅಂಕಿಗಳ ಚುಟುಕು ರೂಪದಲ್ಲಿ. ಮೊಬೈಲಿಗೆ ಬೇಕಾದದ್ದು, ದೀಪ ಎಷ್ಟು ಮೈಕ್ರೊಸೆಕೆಂಡ್ ಉರಿಯಬೇಕು, ಎಷ್ಟು ಆರಬೇಕು ಎಂಬ ಉದ್ದನೆಯ ಪಟ್ಟಿ. ಹಳೆಯ ಲಗ್ನಪತ್ರಿಕೆಯ ಹಿಂದೆ ಒಂಬತ್ತು ಸಾವಿರ, ನಾಲ್ಕೂವರೆ ಸಾವಿರ, ಐನೂರ ಅರವತ್ತು ಎಂದು ಬರೆಯುತ್ತ ಎರಡು ಭಾನುವಾರ ಕಳೆದೆ. ಸದ್ದು ಏರಿಸಲು, ಸದ್ದಡಗಿಸಲು, ಟಿವಿ ಆರಿಸಲು ಮೊಬೈಲಿನ ಪರದೆಯ ಮೇಲೆ ಮೂರು ಗುಂಡಿ ತಯಾರಾದವು. ಹೆಸರು ಬರೆಯದೆ ಒಂದು, ಎರಡು, ಮೂರು ಎಂದಷ್ಟೇ ಗುರುತು ಹಾಕಿದೆ. ಇಷ್ಟೂ ನೆನಪಿರುವುದಿಲ್ಲವೇ!

ಕುರ್ಚಿಯಲ್ಲಿ ಕೂತಾಗ ನೆನಪಿರಲಿಲ್ಲ. ಹೊದಿಸಿದ ಬಟ್ಟೆಯ ಅಂಚಿನಿಂದ ಮೊಬೈಲಿನ ತಲೆ ಹೊರಚಾಚಿ ಒಂದನ್ನು ಒತ್ತಿದೆ. ಸದ್ದು ಏರಿತು. ಗಾಬರಿಯಲ್ಲಿ ಮತ್ತೆ ಅದನ್ನೇ ಒತ್ತಿದೆ, ಇನ್ನೂ ಏರಿತು. "ಹಾಂ! ಈಗ ಖರೇ ಸಿಟ್ಟು ಬಂತ್ ನೋಡ್ರಿ ಅವಗ!" ಎಂದು ಹನುಮಂತಪ್ಪನ ಕತ್ತಿ ಗಾಳಿಯಲ್ಲಿ ಎರಡು ಸುತ್ತು ಹೊಡೆಯಿತು. ಕಣ್ಣು ಮುಚ್ಚಿ ಮೂರನ್ನು ಒತ್ತಿದೆ. ಟಿವಿ ಕಪ್ಪಾಯಿತು.

"ಕರೆಂಟ್ ಐತಿ, ಟಿವಿ ಅಷ್ಟ ಹೋತಲ್ರಿ!" ಎಂದವನು ಮತ್ತೆ ನನ್ನ ಗಡ್ಡಕ್ಕೆ ತಿರುಗಿದ. ಶಾಂತಿ. ಕತ್ತಿ ಹೂವಿನಂತೆ ಗಲ್ಲದ ಮೇಲೆ ಇಳಿಯಿತು. ಆದರೆ ಅವನಿಗೆ ಸಪ್ಪಳ ಬೇಕಲ್ಲ, ನನ್ನನ್ನೇ ಮಾತಿಗೆಳೆದ. "ಸರ್, ನೀವು ಓದಿದವ್ರು. ಚಂದ್ರನ ಮ್ಯಾಲ ಮನಷ್ಯಾ ಇಳದಿದ್ದು ಬರೇ ಸುಳ್ಳಂತಲ್ರಿ?"

"ಏ, ಹಂಗಲ್ಲಪಾ ಅದು!" ಎಂದು ಜೋರಾಗಿ ತಲೆ ಅಲ್ಲಾಡಿಸಿದೆ.

"ಇಷ್ಟ ವರ್ಷದಾಗ ಒಬ್ಬರಿಗೂ ತಾಗಿದ್ದಿಲ್ರಿ ನನ್ನ ಕತ್ತಿ," ಎಂದು ಗೊಣಗುತ್ತ ಹನುಮಂತಪ್ಪ ಗಾಯಕ್ಕೆ ಪಟಿಕ ಉಜ್ಜಿದ.

ಮನೆಯಲ್ಲಿ ಗಾಯ ನೋಡಿ ಇದೇನೆಂದು ಹೆಂಡತಿ ಕೇಳಿದಾಗ, ಅಲ್ಲಾಡಿದ್ದು ಅವನ ಕೈಯೋ ನನ್ನ ತಲೆಯೋ ನೆನಪಿಲ್ಲ ಎಂದೆ. ನಿಜ ಹೇಳಬೇಕೆಂದರೆ, ಈಚೆಗೆ ನನಗೆ ಸ್ಪಷ್ಟವಾಗಿ ನೆನಪಿರುವ ಸಂಗತಿ ಅದೊಂದೇ.