ಆಯಿಯ ಕಾಲಿನ ಕೆಂಪು ಚುಕ್ಕಿಗಳು

ಬಸವಕಲ್ಯಾಣದ ಸುತ್ತಲಿನ ಹಳ್ಳಿಗಳಲ್ಲಿ ಲಸಿಕೆ ಹಾಕುವ ನರ್ಸ್ ನಾನು. ನಗುವ ಸಂಗತಿಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ನಾನೇ ಹೆದರಿ ಕೂತಿದ್ದಾಗ ನನ್ನನ್ನು ನಗಿಸಿದವಳು ಕೊಹಿನೂರು ಎಂಬ ಹಳ್ಳಿಯ ಒಬ್ಬ ಆಯಿ, ಅಂದರೆ ಅಜ್ಜಿ.

೧. ದಾರಿ ತಪ್ಪಿದ ಸೂಜಿ

ಕರೋನಾ ಲಸಿಕೆಗೆ ಊರೆಲ್ಲ ಹಿಂಜರಿಯುತ್ತಿದ್ದಾಗ ಮೊದಲು ತೋಳು ಚಾಚಿದವಳು ಕೂಲಿ ಮಾಡುವ ಆ ಆಯಿ. ಆರನೇ ದಿನ ಅವಳ ಗಂಡ ಓಡಿ ಬಂದ. ಹೋಗಿ ನೋಡಿದರೆ ಎರಡೂ ಮೊಣಕಾಲಿನ ಕೆಳಗೆ ಕೆಂಪು ಚುಕ್ಕಿಗಳು. ಬೆರಳಿನಿಂದ ಒತ್ತಿದರೂ ಬಣ್ಣ ಮಾಸುತ್ತಿಲ್ಲ. ಸೂಜಿ ಚುಚ್ಚಿದವಳು ನಾನೇ. ಹೆದರುತ್ತಲೇ ಕೇಳಿದೆ:

"ಭಾಳ ನೋಯಾಕತ್ತದೇನು ಆಯಿ?"

"ನೋವು ಕಮ್ಮಿ, ಉರೀತದ. ಆದ್ರ ಯವ್ವಾ, ನೀ ಚುಚ್ಚಿದ್ದು ತೋಳಿಗಿ. ಇದು ಕಾಲಿಗಿ ಹ್ಯಾಂಗ ಬಂತು? ನಿನ್ನ ಔಷಧಕ್ಕ ದಾರಿ ಗೊತ್ತಿಲ್ಲೇನು?"

೨. ಹುಮನಾಬಾದಿನ ಡಬ್ಬಿ

ಮರುದಿನವೇ ಹುಮನಾಬಾದಿನ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ನಿಧಾನವಾಗಿ ಹೇಳಿದರು: "ಚರ್ಮದಾಗಿನ ಸಣ್ಣ ರಕ್ತನಾಳ ಉರಿಯೂತ ಆಗಿ ಬಾತಾವ. ಲಸಿಕೆ ಆದಮ್ಯಾಲ ಅಪರೂಪಕ್ಕ ಯಾರಿಗೋ ಹಿಂಗ ಆಗ್ತದ. ಬ್ಯಾರೆ ಕಾರಣನೂ ಇರಬಹುದು. ಕಿಡ್ನಿಗಿ ತ್ರಾಸ ಆಗ್ಯಾದೇನು ನೋಡಬೇಕು. ಮೂತ್ರ ಕೊಡ್ರಿ."

ಆಯಿ ಕೈಗೆ ಬಂದ ಪುಟ್ಟ ಡಬ್ಬಿಯನ್ನು ತಿರುಗಿಸಿ ನೋಡಿ ಅಂದಳು: "ಇಷ್ಟಕ್ಕಾಗಿ ಇಲ್ಲಿತನಕ ಬರಬೇಕಿತ್ತೇನ್ರಿ ಸಾಹೇಬ್ರ? ಹೇಳಿ ಕಳಿಸಿದ್ರ ಕೊಡ ತುಂಬಿ ಕೊಡ್ತಿದ್ದೆ."

ಕಿಡ್ನಿಗೆ ಏನೂ ಆಗಿಲ್ಲ ಎಂದು ಗೊತ್ತಾದಾಗ ವರಾಂಡದಲ್ಲಿ ನಿಂತು ಅತ್ತುಬಿಟ್ಟೆ. ಆಯಿ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. "ಯಾಕ ಅಳ್ತಿ? ಚುಕ್ಕಿ ನನಗ ಬಂದಾವ, ನಿನಗಲ್ಲ."

೩. ಎರಡು ದಿಂಬು

ಕೆಲವು ದಿನ ಗುಳಿಗೆ ನುಂಗಿ, ಕಾಲು ಎತ್ತರದಲ್ಲಿಟ್ಟು ಮಲಗಬೇಕೆಂದಿದ್ದರು ಡಾಕ್ಟರು. ನಾಲ್ಕು ದಿನ ಬಿಟ್ಟು ಹೋದರೆ ಆಯಿಯ ಕಾಲು ಎರಡು ದಿಂಬಿನ ಮೇಲೆ. ಮುದುಕ ಒಲೆಯ ಮುಂದೆ, ಮೀಸೆಗೆಲ್ಲ ಜೋಳದ ಹಿಟ್ಟು. ಮದುವೆಯಾದಾಗಿನಿಂದ ಆ ಕಡೆ ಹಾಯದ ಮನುಷ್ಯ ತಾನು ಬಡಿದ ಮೂರು ಮೂಲೆಯ ರೊಟ್ಟಿಯನ್ನು ಚೂರು ಮಾಡಿ ಅವಳಿಗೆ ತಿನ್ನಿಸುತ್ತಿದ್ದ.

ಮೂರು ವಾರಕ್ಕೆ ಚುಕ್ಕಿಗಳು ಕಂದು ಬಣ್ಣಕ್ಕೆ ತಿರುಗಿ ಮಾಸಿಹೋದವು. ನನಗೆ ಕುಣಿಯುವಷ್ಟು ಖುಷಿ. "ಆಯಿ, ಪೂರಾ ಆರಾಮಾಗ್ಯಾದ! ಇನ್ನ ಎದ್ದು ತಿರುಗಾಡು!" ಎಂದು ಕೂಗಿದೆ.

ಆಯಿ ಗಂಡ ಕೂತಿದ್ದ ಒಲೆಯ ಕಡೆ ನೋಡಿ, ಕೌದಿಯನ್ನು ಗಡಬಡಿಸಿ ಕಾಲಿನ ಮೇಲೆ ಎಳೆದುಕೊಂಡಳು.

"ಮೆಲ್ಲಗ ಮಾತಾಡ ಯವ್ವಾ! ರೊಟ್ಟಿ ಈಗಷ್ಟೇ ದುಂಡಗ ಬರಾಕತ್ತಾವ."